ರಕ್ತವು ನಿಲ್ಲುವದಿಲ್ಲ

(ವೇದಪಾಠ: ಯಾಜಕಕಾಂಡ ೧೭: ೧೦–೧೪, ಮಾರ್ಕ ೫: ೨೫–೩೪)



ಜೀವಕ್ಕೂ ರಕ್ತಕ್ಕೂ ಇರುವ ಸಂಬಂಧವನ್ನು ಮೋಶೆಯು ಇಸ್ರಾಯೇಲ್ಯರಿಗೆ ತಿಳಿಸಿದ ಭಾಗವನ್ನು ಈಗ ಓದಿದೆವು. ವೇದವನ್ನು ಓದದವರಿಗೂ ಈ ಸಂಬಂಧವು ತಿಳಿಯದ್ದಲ್ಲ. ಬಿಳಿಚಿಕೊಂಡವನನ್ನು ಕಂಡರೆ, ಇವನ ಮೈಯಲ್ಲಿ ರಕ್ತವೇ ಇಲ್ಲ ಎನ್ನುತ್ತೇವೆ. ಹೊಲದಲ್ಲಿ ದಣಿದವನು ರಕ್ತ ಬಸಿದು ದುಡಿದೆನೆನ್ನುತ್ತಾನೆ. ಆದರೆ ಈ ಸತ್ಯದ ಸಂಗಡ ಒಂದು ತಪ್ಪು ತಿಳುವಳಿಕೆಯೂ ನಮ್ಮ ಮನೆಗಳಲ್ಲಿ ಸೇರಿಕೊಂಡಿದೆ. ರಕ್ತವು ಹಗೇವಿನಲ್ಲಿ ತುಂಬಿಟ್ಟ ಜೋಳದಂತೆ, ಹುಟ್ಟುವಾಗಲೇ ಅಳೆದು ಕೊಟ್ಟದ್ದು, ಒಂದು ಸೇರು ತೆಗೆದರೆ ಒಂದು ಸೇರು ಹೋದ ಹಾಗೆಯೇ ಎಂದು ಅನೇಕರು ನಂಬಿದ್ದಾರೆ. ಈ ನಂಬಿಕೆಯಿಂದ ಬಾಣಂತಿಯರ ಪ್ರಾಣಕ್ಕೆ ಅಪಾಯ ಬರುತ್ತದೆ. ಆದಕಾರಣ ಈ ದಿವಸ ಶರೀರದ ವಿಷಯವಾಗಿಯೇ ಮಾತಾಡಬೇಕೆಂದು ಮನಸ್ಸು ಮಾಡಿದ್ದೇನೆ.

ಪೂರ್ವಕಾಲದ ಪಂಡಿತರು ಸಹ ಹೆಚ್ಚು ಕಡಿಮೆ ಹೀಗೆಯೇ ತಿಳಿದಿದ್ದರು. ಎರಡನೆಯ ಶತಮಾನದಲ್ಲಿದ್ದ ಗ್ಯಾಲೆನನೆಂಬ ಗ್ರೀಕ ವೈದ್ಯನು, ಉಂಡ ಅನ್ನವು ಯಕೃತ್ತಿನಲ್ಲಿ ರಕ್ತವಾಗಿ ಅಂಗಾಂಗಗಳಿಗೆ ಹೋಗಿ ಅಲ್ಲಿಯೇ ಮುಗಿಯುತ್ತದೆಂದು ಬೋಧಿಸಿದನು. ಸಾವಿರದ ನಾನೂರು ವರುಷಗಳಿಗೂ ಹೆಚ್ಚು ಕಾಲ ಇದನ್ನೇ ಪಾಠ ಹೇಳಿದರು. ಲಂಡನ್ ನಗರದ ವೈದ್ಯನಾದ ವಿಲಿಯಂ ಹಾರ್ವೆಯು ೧೬೨೮ರಲ್ಲಿ ಒಂದು ಚಿಕ್ಕ ಗ್ರಂಥವನ್ನು ಅಚ್ಚು ಹಾಕಿಸಿ ಇದು ಸುಳ್ಳೆಂದು ತೋರಿಸಿದನು. ಅವನು ಹೂಡಿದ್ದು ಒಕ್ಕಲಿಗನಿಗೂ ಅರ್ಥವಾಗುವ ಲೆಕ್ಕ. ಅದನ್ನು ಈಗಿನ ಅಳತೆಯಲ್ಲಿ ಹೇಳುತ್ತೇನೆ, ಕೇಳಿರಿ. ಹೃದಯವು ಒಂದು ಸಾರಿ ಬಡಿದರೆ ಸುಮಾರು ೭೦ ಮಿಲಿಲೀಟರು ರಕ್ತವನ್ನು ಹೊರಕ್ಕೆ ದೂಡುತ್ತದೆ. ನಿಮಿಷಕ್ಕೆ ಸುಮಾರು ೭೦ ಸಾರಿ ಬಡಿಯುತ್ತದೆ. ಅಂದರೆ ನಿಮಿಷಕ್ಕೆ ೫ ಲೀಟರು, ಅರ್ಧ ಗಂಟೆಗೆ ೧೫೦ ಲೀಟರು. ಇಬ್ಬರು ಗಂಡಸರ ತೂಕಕ್ಕಿಂತಲೂ ಹೆಚ್ಚಾದ ಈ ರಕ್ತವನ್ನು ಯಾವ ಊಟ ಒದಗಿಸೀತು? ದೊಡ್ಡವನ ಮೈಯಲ್ಲಿ ಇರುವದೇ ಸುಮಾರು ೫ ಲೀಟರು. ಹೀಗಿರಲಾಗಿ, ಹೋದ ರಕ್ತವೇ ತಿರಿಗಿ ಬರುತ್ತದೆ ಎನ್ನದೆ ಬೇರೆ ದಾರಿ ಇಲ್ಲ.

ಅವನು ಮಾಡಿದ ಇನ್ನೊಂದು ಪರೀಕ್ಷೆಯನ್ನು ನೀವೂ ಮನೆಯಲ್ಲಿ ಮಾಡಬಹುದು. ದುಡಿದು ಬಲಿತ ತೋಳಾದರೆ ಚೆನ್ನಾಗಿ ಕಾಣುವದು. ಮೊಣಕೈಯ ಮೇಲೆ ರುಮಾಲನ್ನು ಸ್ವಲ್ಪ ಬಿಗಿಯಾಗಿ ಕಟ್ಟಿರಿ. ನಾವು ನರಗಳೆಂದು ಕರೆಯುವ ನೀಲಿ ರಕ್ತನಾಳಗಳು ಉಬ್ಬಿ, ಅವುಗಳಲ್ಲಿ ಅಲ್ಲಲ್ಲಿ ಗಂಟು ಕಾಣುವವು. ಒಂದು ಬೆರಳಿನಿಂದ ಗಂಟಿನ ಕೆಳಗಡೆ ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ಅಲ್ಲಿರುವ ರಕ್ತವನ್ನು ಗಂಟಿನ ಆಚೆಗೆ ಮೇಲಕ್ಕೆ ನೂಕಿರಿ. ನಡುವೆ ನಾಳವು ಬರಿದಾಗಿ ನಿಲ್ಲುವದು. ಮೇಲಿನಿಂದ ರಕ್ತವು ಇಳಿಯದು. ಕೆಳಗಿನ ಬೆರಳನ್ನು ತೆಗೆದ ಕೂಡಲೆ ಕೆಳಗಿನಿಂದಲೇ ತುಂಬುವದು. ಆ ಗಂಟುಗಳಲ್ಲಿ ಕವಾಟಗಳು ಉಂಟು. ಕಮ್ಮಾರನ ತಿದಿಯ ಬಾಯಿಗೆ ಇರುವ ತೊಗಲಿನ ಮುಚ್ಚಳವು ಗಾಳಿಯನ್ನು ಒಳಕ್ಕೆ ಬಿಟ್ಟು ಹಿಂದಕ್ಕೆ ಬಿಡದಿರುವಂತೆ, ಇವು ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಡುತ್ತವೆ. (ರುಮಾಲನ್ನು ಬೇಗನೆ ಬಿಚ್ಚಿರಿ.)

ಹೃದಯದಿಂದ ಹೊರಟ ರಕ್ತವು ಯಾವ ದಾರಿಯಿಂದ ಈ ನೀಲಿ ನಾಳಗಳಿಗೆ ದಾಟುತ್ತದೆಂಬದನ್ನು ಹಾರ್ವೆಯು ಕಣ್ಣಾರೆ ಕಾಣಲಿಲ್ಲ. ದಾರಿಯು ಇದ್ದೇ ಇರಬೇಕೆಂದು ಹೇಳಿ ೧೬೫೭ರಲ್ಲಿ ತೀರಿಕೊಂಡನು. ೧೬೬೧ರಲ್ಲಿ ಇತಾಲ್ಯ ದೇಶದ ಮಾಲ್ಪೀಗಿಯು ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಶ್ವಾಸಕೋಶವನ್ನು ನೋಡುವಾಗ ಕೂದಲಿಗಿಂತಲೂ ಸಣ್ಣದಾದ ಆ ನಾಳಗಳು ಕಂಡವು.

ಹೃದಯದ ವಿಷಯವಾಗಿ ಒಂದು ಮಾತು. ಅದು ತನಗೆ ಏನೂ ಇಟ್ಟುಕೊಳ್ಳದೆ ಎಲ್ಲರಿಗೂ ಹಂಚುತ್ತದೆಂದು ಬೋಧಕರು ಸಾಮ್ಯ ಹೇಳುವದುಂಟು. ಕೇಳುವದಕ್ಕೆ ಚೆನ್ನಾಗಿದೆ, ಆದರೆ ನಿಜವಲ್ಲ. ಹೃದಯವು ತೂಕದಲ್ಲಿ ಶರೀರದ ಇನ್ನೂರರಲ್ಲಿ ಒಂದು ಪಾಲು. ಅದು ತೆಗೆದುಕೊಳ್ಳುವ ರಕ್ತವೋ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು. ದಿವಸಕ್ಕೆ ಲಕ್ಷ ಸಾರಿ ಬಡಿಯುವ ಆಳಿಗೆ ಆ ಕೂಲಿಯು ನ್ಯಾಯವೇ. ಆದರೆ ತೆಗೆದುಕೊಂಡದ್ದನ್ನು ಅದು ಸಹ ತಡೆದು ನಿಲ್ಲಿಸುವದಿಲ್ಲ.

ಇನ್ನು ರಕ್ತವು ಹಗೇವಿನ ಜೋಳವಲ್ಲ, ಒರತೆಯ ನೀರು ಎಂಬದನ್ನು ನೋಡಿರಿ. ಒಂದು ಸಾಸಿವೆಗಿಂತ ಚಿಕ್ಕ ಹನಿಯಲ್ಲಿ ಲಕ್ಷಗಟ್ಟಲೆ ಕೆಂಪು ಕಣಗಳು ಇರುತ್ತವೆ. ಒಂದೊಂದು ಕಣದ ಆಯುಷ್ಯವು ಸುಮಾರು ೧೨೦ ದಿವಸ. ಸತ್ತ ಕಣದ ಕಬ್ಬಿಣದ ಅಂಶವನ್ನು ಶರೀರವು ಚೆಲ್ಲದೆ ಹೊಸ ಕಣಕ್ಕೆ ಬಳಸುತ್ತದೆ. ಎಲುಬಿನೊಳಗಿನ ಮಜ್ಜೆಯು ಒಂದು ಸೆಕೆಂಡಿಗೆ ಸುಮಾರು ೨೦ ಲಕ್ಷ ಕಣಗಳನ್ನು ಹುಟ್ಟಿಸುತ್ತದೆ. ಈ ಪ್ರಸಂಗವು ಆರಂಭವಾದಾಗ ನಿಮ್ಮ ಮೈಯಲ್ಲಿದ್ದ ರಕ್ತವೇ ಈಗಲೂ ಇದೆಯೆಂದು ಹೇಳುವ ಹಾಗಿಲ್ಲ. ನೀವು ಕೊಟ್ಟರೂ ಕೊಡದಿದ್ದರೂ ಆ ಕಣಗಳು ನಾಲ್ಕು ತಿಂಗಳಿಗೆ ಹೋಗತಕ್ಕವುಗಳೇ.

ಈಗ ಹೆರಿಗೆಯ ಮಾತಿಗೆ ಬರುತ್ತೇನೆ; ನಾಚಿಕೆಪಡಬೇಡಿರಿ. ದಿವಸ ತುಂಬಿದ ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೆ ಕಡಿಮೆಯಿಲ್ಲದಷ್ಟು ರಕ್ತ ಹರಿಯುತ್ತದೆ. ಕೂಸು ಹುಟ್ಟಿ ಮಾಸು ಬೇರ್ಪಟ್ಟಾಗ ಆ ನಾಳಗಳ ಬಾಯಿ ತೆರೆದಿರುತ್ತದೆ. ಆಗ ಅವುಗಳನ್ನು ಕಟ್ಟುವವರು ಯಾರು? ಗರ್ಭಕೋಶದ ಮಾಂಸದ ಎಳೆಗಳು ಚಾಪೆಯ ಹೆಣಿಗೆಯಂತೆ ಅಡ್ಡತಿಡ್ಡ ಹಾಯ್ದಿರುತ್ತವೆ. ಅವು ಬಿಗಿದುಕೊಂಡು ಒಂದೊಂದು ನಾಳವನ್ನೂ ಹಿಸುಕಿ ಮುಚ್ಚುತ್ತವೆ. ಸೃಷ್ಟಿಕರ್ತನ ಕೈಕೆಲಸವನ್ನು ಕಾಣಬೇಕಾದರೆ ಇದಕ್ಕಿಂತ ಹೆಚ್ಚಿನದನ್ನು ನಾನು ಅರಿಯೆನು. ಆದರೆ ದಣಿದ ಗರ್ಭಕೋಶವು ಕೆಲವು ಸಾರಿ ಬಿಗಿಯುವದಿಲ್ಲ. ಆಗ ಗಂಟೆಗಳಲ್ಲ, ನಿಮಿಷಗಳೇ ಲೆಕ್ಕ. ಇದಲ್ಲದೆ ನಮ್ಮ ಹೆಂಗಸರಲ್ಲಿ ಮೊದಲೇ ರಕ್ತ ಕಡಿಮೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಈ ದೇಶದ ೧೫ರಿಂದ ೪೯ ವರುಷದ ಸ್ತ್ರೀಯರೊಳಗೆ ನೂರಕ್ಕೆ ೫೭ ಮಂದಿಗೆ ರಕ್ತಹೀನತೆ ಕಂಡುಬಂದಿತು. ಮಾರ್ಕನು ಬರೆದ ಆ ಸ್ತ್ರೀಯು ಹನ್ನೆರಡು ವರುಷ ಬಾಧೆಪಟ್ಟು, ಇದ್ದದ್ದನ್ನೆಲ್ಲಾ ವೈದ್ಯರಿಗೆ ಸುರಿದು, ಗುಂಪಿನಲ್ಲಿ ಬಚ್ಚಿಟ್ಟುಕೊಂಡು ಬಂದಳು. ಅಂಥವರು ನಮ್ಮ ಹಿಂದಿನ ಸಾಲಿನಲ್ಲಿ ಈಗಲೂ ಕೂತಿದ್ದಾರೆ. ಎಲ್ಲರಿಗೂ ಬಡಿಸಿ ಕಡೆಯಲ್ಲಿ ಉಳಿದದ್ದನ್ನು ಉಣ್ಣುವವರು ಅವರೇ.

ಬಾಣಂತಿಯರು ರಕ್ತ ಹೋಗಿ ಸಾಯುವದನ್ನು ಕಂಡು ಮನನೊಂದ ಬ್ಲಂಡೆಲ್ ಎಂಬ ಲಂಡನಿನ ವೈದ್ಯನು ೧೮೧೮ರಿಂದ ಮನುಷ್ಯನ ರಕ್ತವನ್ನು ಮನುಷ್ಯನಿಗೆ ಕೊಟ್ಟು ನೋಡಿದನು. ಕೆಲವರು ಬದುಕಿದರು, ಕೆಲವರು ಸತ್ತರು. ಇದರ ಕಾರಣವು ತಿಳಿದದ್ದು ವಿಯೆನ್ನಾ ನಗರದ ಲ್ಯಾಂಡ್‌ಸ್ಟೈನರನು ೧೯೦೧ರಲ್ಲಿ ರಕ್ತದ ಗುಂಪುಗಳನ್ನು ಪ್ರಕಟಿಸಿದ ಮೇಲೆ. ಎ, ಬಿ, ಒ ಎಂಬ ಈ ಗುಂಪುಗಳು ಜಾತಿ ಕುಲಗಳ ಗಡಿಯನ್ನು ಅರಿಯವು. ಗೌಡರ ಮನೆಯವನಿಗೂ ಕೇರಿಯ ಕೂಲಿಯವನಿಗೂ ಒಂದೇ ಗುಂಪು ಇರಬಹುದು; ಒಡಹುಟ್ಟಿದವರಿಗೆ ಬೇರೆ ಬೇರೆ ಇರಬಹುದು. ದೇವರು ಎಲ್ಲಾ ಜನಾಂಗಗಳನ್ನು ಒಬ್ಬನಿಂದಲೇ ಹುಟ್ಟಿಸಿದನೆಂದು ಪೌಲನು ಅಥೇನೆಯಲ್ಲಿ ಸಾರಿದ್ದನ್ನು ಒಪ್ಪಿ, ಆಸ್ಪತ್ರೆಯಲ್ಲಿ ಮಾತ್ರ ಇದು ಯಾರ ರಕ್ತವೆಂದು ವಿಚಾರಿಸುವವರು ನಮ್ಮಲ್ಲಿಯೂ ಇದ್ದಾರೆ.

ರಕ್ತವನ್ನು ಉಣ್ಣಬಾರದೆಂಬ ಆಜ್ಞೆಗೆ ಇದು ವಿರುದ್ಧವಲ್ಲವೋ ಎಂದು ಕೆಲವರು ಕೇಳುತ್ತಾರೆ. ಅಲ್ಲಿ ಹೇಳಿದ್ದು ಕೊಯ್ದ ಪಶುವಿನ ರಕ್ತದ ಮಾತು. ಇಲ್ಲಿ ಕೊಟ್ಟವನು ಸಾಯುವದಿಲ್ಲ. ಎದ್ದು ಮನೆಗೆ ನಡೆದುಹೋಗುತ್ತಾನೆ.

ಆದರೂ ರಕ್ತ ಬೇಕೆಂದು ದಾದಿಯು ಹೇಳಿದ ಕೂಡಲೆ ಆಸ್ಪತ್ರೆಯ ಜಗಲಿಯಿಂದ ಮೈದುನನು ಚಹಾಕ್ಕೆ, ಮಾವನು ಬಸ್ಸಿಗೆ, ಗಂಡನು ಯಾರನ್ನೋ ಹುಡುಕುವದಕ್ಕೆ ಹೋಗುವದನ್ನು ಅಲ್ಲಿ ಕಾದಿದ್ದವರು ನೋಡಿದ್ದಾರೆ. ದುಡಿಯುವ ಶಕ್ತಿ ಹೋದೀತೆಂದು ಭಯ. ತೆಗೆಯುವದು ೩೫೦ ಅಥವಾ ೪೫೦ ಮಿಲಿಲೀಟರು. ಅದರ ನೀರಿನ ಅಂಶವು ಒಂದೆರಡು ದಿವಸಗಳಲ್ಲಿ, ಕಣಗಳು ಕೆಲವು ವಾರಗಳಲ್ಲಿ ತುಂಬಿಕೊಳ್ಳುತ್ತವೆ. ಹದಿನೆಂಟು ತುಂಬಿದ, ೪೫ ಕಿಲೋಗ್ರಾಮಿಗೆ ಕಡಿಮೆಯಿಲ್ಲದ ಆರೋಗ್ಯವಂತರು ಕೊಡಬಹುದು. ಗಂಡಸರು ಮೂರು ತಿಂಗಳಿಗೆ, ಹೆಂಗಸರು ನಾಲ್ಕು ತಿಂಗಳಿಗೆ ಒಮ್ಮೆ ಕೊಡಬಹುದು. ಗರ್ಭಿಣಿಯರೂ ಹಾಲೂಡುವ ತಾಯಂದಿರೂ ಕೊಡಬಾರದು. ಹಣಕ್ಕೆ ರಕ್ತ ಮಾರುವದು ಈ ದೇಶದಲ್ಲಿ ೧೯೯೮ರಿಂದ ನಿಷೇಧವಾಗಿದೆ.

ಇನ್ನೊಂದನ್ನು ಚೆನ್ನಾಗಿ ಗಮನಿಸಿರಿ. ಆ ಗಳಿಗೆಯಲ್ಲಿ ಓಡಿಬಂದು ಕೊಟ್ಟ ರಕ್ತವು ಆ ಗಳಿಗೆಗೇ ಒದಗುವದು ಕಷ್ಟ. ಅದರಲ್ಲಿ ರೋಗವಿಲ್ಲವೆಂದು ಪರೀಕ್ಷಿಸುವದಕ್ಕೆ ತಾಸುಗಳು ಹಿಡಿಯುತ್ತವೆ. ಅವಳನ್ನು ಉಳಿಸುವದು ರಕ್ತನಿಧಿಯ ತಣ್ಣನೆಯ ಪೆಟ್ಟಿಗೆಯಲ್ಲಿ ಆಗಲೇ ಇರುವ ರಕ್ತವು. ಅಲ್ಲಿಯೂ ಅದನ್ನು ಐದಾರು ವಾರಗಳಿಗಿಂತ ಹೆಚ್ಚು ಇಡಲಾಗದು. ಗಂಡನ ರಕ್ತವನ್ನು ಹೆಂಡತಿಗೇ ಹಾಕುವದನ್ನು ವೈದ್ಯರು ಸಾಧ್ಯವಾದಷ್ಟು ತಪ್ಪಿಸುತ್ತಾರೆ, ಮುಂದಿನ ಬಸುರಿನ ಕೂಸಿಗೆ ತೊಂದರೆಯಾಗಬಹುದೆಂದು. ಆದ್ದರಿಂದ ಅವನು ಕೊಟ್ಟದ್ದು ಅವನು ಎಂದೂ ಕಾಣದ ಇನ್ನೊಬ್ಬನ ಹೆಂಡತಿಗೆ ಸಲ್ಲುವದು. ಇವನ ಹೆಂಡತಿಗೆ ಸಲ್ಲುವದು ಯಾರೋ ಮೂರು ವಾರದ ಹಿಂದೆ ಕೊಟ್ಟು ಮರೆತದ್ದು.

ಸಭೆಯಲ್ಲಿ ಗರ್ಭಿಣಿಯರಿರುವ ಮನೆಯವರು ತಾಯಿ ಕಾರ್ಡಿನಲ್ಲಿ ರಕ್ತದ ಗುಂಪನ್ನು ಬರೆಯಿಸಿದ್ದಾರೋ ಎಂದು ಈ ವಾರವೇ ನೋಡಿರಿ. ಬರೆಯಿಸದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿರಿ. ರಕ್ತ ಕೊಡಲು ಮನಸ್ಸುಳ್ಳ ಯೌವನಸ್ಥರು ಆರಾಧನೆ ಮುಗಿದ ಮೇಲೆ ಹಿರಿಯರ ಬಳಿ ಹೆಸರು ಹೇಳಲಿ. ಹೋಗುವ ದಿವಸ ಹಸಿದ ಹೊಟ್ಟೆಯಲ್ಲಿ ಹೋಗಬಾರದು. ರೊಟ್ಟಿ ತಿಂದು, ನೀರು ಕುಡಿದು ಹೋಗಬೇಕು. ಕೊಟ್ಟ ಮೇಲೆ ಅರ್ಧ ಗಂಟೆ ಕೂತಿರಬೇಕು, ಆ ದಿವಸ ಮೂಟೆ ಹೊರಬಾರದು.