ತಿದ್ದುವದೂ ಅಳಿಸುವದೂ

ಬರಹದಲ್ಲಿ ತಪ್ಪು ಕಂಡುಬಂದಾಗ, ಇಲ್ಲವೆ ಕಾಲಾಂತರದಲ್ಲಿ ಸಂಗತಿಯೇ ಬದಲಾದಾಗ, ಹಳೆಯ ಬರಹವನ್ನು ಅಳಿಸಿಬಿಡಬೇಕೋ, ಅದನ್ನು ಇದ್ದಂತೆಯೇ ಇರಗೊಟ್ಟು ಮುಂದೆ ಹೊಸದನ್ನು ಬರೆಯಬೇಕೋ ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಕಾರಕೂನರಿಗೆ ಮಾತ್ರ ಸಂಬಂಧಿಸಿದುದೆಂದು ತೋರುವದು. ವಿಚಾರಿಸಿ ನೋಡಿದರೆ ಇದು ಸತ್ಯದ ಪ್ರಶ್ನೆಯು. ಕುಂದಗೋಳ ತಾಲೂಕಿನ ಸಂಶಿಯಂಥ ಊರಲ್ಲಿ, ಎರೆಹೊಲವನ್ನೇ ನಂಬಿದ ಮನೆತನಗಳಿಗೆ ಇದು ಅನ್ನದ ಪ್ರಶ್ನೆಯೂ ಅಹುದು.

ಧಾರವಾಡ ಜಿಲ್ಲೆಯು ಹಿಂದೆ ಸೇರಿದ್ದ ಮುಂಬಯಿ ಇಲಾಖೆಯಲ್ಲಿ ಭೂಮಿಯ ಹಕ್ಕುದಾಖಲೆಯ ಕಾಯದೆಯು ೧೯೦೩ರಲ್ಲಿ ಬಂದಿತು. ಇಂದು ೧೯೬೪ರ ಕರ್ನಾಟಕ ಭೂಕಂದಾಯ ಕಾಯದೆಯು ಆ ಪದ್ಧತಿಯನ್ನು ನಡೆಸಿಕೊಂಡು ಬಂದಿದೆ. ತಂದೆಯು ತೀರಿಹೋಗಿ ಹೊಲವು ಮಕ್ಕಳಿಗೆ ಬಂದರೆ ಅವರು ವರದಿ ಕೊಡಬೇಕು. ಅದು ಬದಲಾವಣೆಯ ರಜಿಸ್ಟರಿನಲ್ಲಿ ದಾಖಲಾಗಬೇಕು. ತಕರಾರು ಇದ್ದವರಿಗೆ ಹೇಳಲು ಅವಕಾಶವಿರಬೇಕು. ಇಷ್ಟಾದ ಮೇಲೆಯೇ ಜನರು ಉತಾರವೆಂದು ಕರೆಯುವ ಪಹಣಿಯಲ್ಲಿ ಹೊಸ ಹೆಸರು ಏರುವದು. ಕೈಬರಹದ ಕಾಲದಲ್ಲಿ ಹಳೆಯ ಹೆಸರನ್ನು ಕೆರೆದು ತೆಗೆಯುವ ಪದ್ಧತಿಯಿರಲಿಲ್ಲ. ಅದರ ಸುತ್ತ ಗೆರೆಯೆಳೆದು, ಪಕ್ಕದಲ್ಲಿ ಹೊಸ ಹೆಸರನ್ನೂ ಬದಲಾವಣೆಯ ನಂಬರನ್ನೂ ಬರೆಯುತ್ತಿದ್ದರು. ಹಳೆಯ ಹೆಸರಿನ ಅಧಿಕಾರವು ಮುಗಿಯಿತು, ಆದರೆ ಅದರ ಸಾಕ್ಷಿಯು ಮುಗಿಯಲಿಲ್ಲ.

ಈ ಸಾಕ್ಷಿಯ ಬೆಲೆಯು ೧೯೭೪ರ ಮಾರ್ಚ ೧ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಚೆನ್ನಾಗಿ ತಿಳಿದುಬಂದಿತು. ಗೇಣಿಯ ಭೂಮಿಗಳು ಅಂದು ಸರಕಾರಕ್ಕೆ ಸೇರಿದವು. ಉಳುವ ಗೇಣಿದಾರನು ಒಡೆತನಕ್ಕಾಗಿ ಅರ್ಜಿ ಮಾಡಿಕೊಳ್ಳಬಹುದಾಯಿತು. ನ್ಯಾಯಮಂಡಳಿಯು ಕೇಳಿದ್ದು ‘ಈಗ ಉಳುವವನಾರು’ ಎಂದಲ್ಲ, ‘ಆ ದಿನದ ಹಿಂದೆ ಉಳುತ್ತಿದ್ದವನಾರು’ ಎಂದು. ಪ್ರತಿವರ್ಷ ಹೊಸ ನೋಂದಿಗಾಗಿ ಹಳೆಯದನ್ನು ಅಳಿಸುತ್ತ ಬಂದಿದ್ದರೆ, ಬಡ ಗೇಣಿದಾರನ ಪಾಲಿಗೆ ಬಾಯಿಮಾತಿನ ಹೊರತು ಮತ್ತೇನು ಉಳಿಯುತ್ತಿತ್ತು?

ಹಳೆಯ ನೋಂದಿಯೇ ಸುಳ್ಳಾಗಿದ್ದರೆ ಅದನ್ನೂ ಕಾಯ್ದಿಡಬೇಕೇ ಎಂದು ಕೆಲವರು ಕೇಳಬಹುದು. ಸುಳ್ಳೆಂದು ಸಿದ್ಧವಾಗುವವರೆಗೆ ನೋಂದಿಯನ್ನು ನಿಜವೆಂದೇ ತಿಳಿಯತಕ್ಕದ್ದೆಂದು ಕಾಯದೆಯು ಹೇಳುತ್ತದೆ. ಸುಳ್ಳೆಂದು ಸಿದ್ಧಪಡಿಸುವದಕ್ಕಾದರೂ ಆ ಬರಹವು ಕಣ್ಣ ಮುಂದೆ ಇರಬೇಕಷ್ಟೆ. ಯಾವುದೊಂದರ ಅಭಾವವನ್ನು ತಿಳಿಯಬೇಕಾದರೆ ಅದರ ಪ್ರತಿಯೋಗಿಯ, ಎಂದರೆ ಇಲ್ಲವಾದ ಆ ವಸ್ತುವಿನ, ಜ್ಞಾನವು ಅವಶ್ಯವೆಂದು ನೈಯಾಯಿಕರು ಹೇಳುವರು. ಇಲ್ಲಿ ಗಡಿಗೆಯಿಲ್ಲವೆಂದು ಹೇಳಬಲ್ಲವನು ಗಡಿಗೆಯನ್ನು ಬಲ್ಲವನೇ. ಹಾಗೆಯೇ, ತಪ್ಪನ್ನು ತಿದ್ದಲಾಯಿತೆಂದು ಹೇಳಬಲ್ಲವನು ಆ ತಪ್ಪು ಏನಿತ್ತೆಂಬುದನ್ನು ತೋರಿಸಬಲ್ಲವನೇ.

ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು ೬೭ ಲಕ್ಷ ರೈತರ ೨ ಕೋಟಿ ದಾಖಲೆಗಳು ಗಣಕಯಂತ್ರವನ್ನು ಸೇರಿದ ಬಳಿಕ ಈ ಧರ್ಮವು ಹಗುರಾಗಲಿಲ್ಲ, ಭಾರವಾಯಿತು. ಕಾಗದವನ್ನು ಕೆರೆದರೆ ಗಾಯವು ಕಾಣುವದು. ಯಂತ್ರದಲ್ಲಿ ಒಂದರ ಮೇಲೊಂದನ್ನು ಬರೆದರೆ ಹೊರಗಿನವನಿಗೆ ಯಾವ ಗುರುತೂ ಕಾಣದು. ಆದುದರಿಂದ ಪ್ರತಿಯೊಂದು ನೋಂದಿಗೂ ಅದು ಎಂದಿನಿಂದ ಎಂದಿನವರೆಗೆ ನಡೆಯಿತು, ಬದಲಿಸಿದವರಾರು, ಯಾವ ಆಧಾರದಿಂದ ಎಂಬುದನ್ನು ಜೋಡಿಸಿ, ಹಳೆಯ ಸಾಲನ್ನು ಮುಟ್ಟದೆ ಹೊಸ ಸಾಲನ್ನು ಸೇರಿಸುವ ವ್ಯವಸ್ಥೆಯನ್ನು ಯಂತ್ರದೊಳಗೇ ಕಟ್ಟಿಡಬೇಕಾಗುವದು.

ಆದರೆ ಮರೆವೂ ಒಂದು ದಯೆಯೆಂಬುದನ್ನು ಅಲ್ಲಗಳೆಯಲಾಗದು. ಮುಗಿದುಹೋದ ಸಂಕಟವೊಂದು ಮನುಷ್ಯನನ್ನು ಜೀವಾವಧಿ ಬೆನ್ನಟ್ಟಬಾರದು. ೨೦೧೭ರಲ್ಲಿ ಕರ್ನಾಟಕ ಹೈಕೋರ್ಟು ಇಂಥದೊಂದು ಪ್ರಸಂಗದಲ್ಲಿ, ಹಳೆಯ ಆದೇಶವೊಂದರಲ್ಲಿದ್ದ ಮಹಿಳೆಯ ಹೆಸರು ಅಂತರ್ಜಾಲದಲ್ಲಿ ಹುಡುಕುವವರಿಗೆ ಸಿಗದಂತೆ ಮಾಡಲು ಹೇಳಿತು. ಆದರೆ ಆದೇಶದ ದೃಢೀಕೃತ ನಕಲಿನಲ್ಲಿ ಆ ಹೆಸರು ಇರುವದೆಂದೂ ಸ್ಪಷ್ಟಪಡಿಸಿತು. ಇಡುವದು ಬೇರೆ, ಎಲ್ಲರಿಗೂ ತೋರಿಸುವದು ಬೇರೆ ಎಂಬ ವಿವೇಕವು ಇದರಲ್ಲಿದೆ.

ದಯೆಯು ಬಾಗಿಲಲ್ಲಿ ಕುಳಿತು ನೋಡುವವರನ್ನು ತಡೆಯಲಿ. ಒಳಗೆ ಹೋಗಿ ಕಡತವನ್ನು ಸುಡದಿರಲಿ. ಇಂದು ಬೇಡವೆನಿಸಿದ ಸಾಲಿನಲ್ಲಿ ನಾಳೆ ಯಾವ ಅನಾಥನ ಹೊಲವು ಅಡಗಿರುವದೋ, ಅಳಿಸುವವನಿಗೆ ತಿಳಿಯದು.