ಅಭಯ ಮತ್ತು ನೆರೆಹೊರೆ

1973ರಲ್ಲಿ ಸಾಬರಮತಿಯು ಉಕ್ಕಿ ಹರಿದು ನದೀಪಾತ್ರದ ಗುಡಿಸಲುಗಳನ್ನೆಲ್ಲ ಕೊಚ್ಚಿಕೊಂಡು ಹೋದ ಮೇಲೆ, ಮನೆ ಕಳೆದುಕೊಂಡ ಬಡವರಿಗಾಗಿ ಅಹಮದಾಬಾದಿನ ನೈಋತ್ಯದ ಅಂಚಿನಲ್ಲಿ, ಸರಖೇಜಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ, ಸಂಕಲಿತನಗರವೆಂಬ ಹೊಸ ವಸತಿಯೊಂದು ನಿರ್ಮಾಣವಾಯಿತು. ಸುಮಾರು 2,250 ಪುಟ್ಟ ಮನೆಗಳು. ಅವುಗಳಲ್ಲಿ ಹಿಂದೂಗಳೂ ಇದ್ದರು, ಮುಸಲ್ಮಾನರೂ ಇದ್ದರು. ಇಂದು ಜುಹಾಪುರವೆಂದು ಹೆಸರಾಗಿರುವ, ಹಲವು ಲಕ್ಷ ಜನರು ನೆಲೆಸಿರುವ, ಭಾರತದ ಅತಿ ದೊಡ್ಡ ಮುಸ್ಲಿಂ ವಸತಿಗಳಲ್ಲೊಂದೆಂದು ಪರಿಗಣಿತವಾಗಿರುವ ಉಪನಗರಕ್ಕೆ ಮೂಲವಾದುದು ಈ ಮಿಶ್ರವಸತಿಯೇ. 1985ರ ಗಲಭೆಗಳಾದಾಗ ಕೆಲವರು, 1992ರಲ್ಲಿ ಮತ್ತೆ ಕೆಲವರು, 2002ರ ಘೋರ ಹತ್ಯೆಗಳ ತರುವಾಯ ಇನ್ನೂ ಬಹುಮಂದಿ, ಹೀಗೆ ಅಲೆಅಲೆಯಾಗಿ ಮುಸಲ್ಮಾನರು ಇಲ್ಲಿಗೆ ಬಂದು ಸೇರಿದರು. ಪಾಲಡಿ, ನವರಂಗಪುರಗಳಂಥ ಸಂಪನ್ನ ಬಡಾವಣೆಗಳಲ್ಲಿ ವಕೀಲರೂ ವೈದ್ಯರೂ ಅಧಿಕಾರಿಗಳೂ ಆಗಿ ಮಾನದಿಂದ ಬಾಳಿದ್ದವರು ಕೂಡ ಗಂಟುಮೂಟೆ ಕಟ್ಟಿಕೊಂಡು ಬಂದರು. ಇಲ್ಲಿದ್ದ ಹಿಂದೂಗಳು ಅಂಥದೇ ಭಯದಿಂದ ಮನೆ ಮಾರಿ ಒಬ್ಬೊಬ್ಬರಾಗಿ ಹೊರಟುಹೋದರು. ವೇಜಲಪುರದ ಕಡೆಯ ಎಲ್ಲೆಯಲ್ಲಿ ಗೋಡೆಗಳೆದ್ದವು. ಆ ಎಲ್ಲೆಗೆ ಊರ ಜನ ಇಟ್ಟಿರುವ ಹೆಸರು ‘ಬಾರ್ಡರ್’.

ಭಯಗ್ರಸ್ತನಾದವನು ತನ್ನವರ ನಡುವೆ ಹೋಗಿ ನೆಲೆಸಿದರೆ ಅದರಲ್ಲಿ ಅಧರ್ಮವೇನೂ ಇಲ್ಲ. ಹೆಂಡಿರು ಮಕ್ಕಳ ಪ್ರಾಣರಕ್ಷಣೆಯು ಗೃಹಸ್ಥನ ಮೊದಲ ಕರ್ತವ್ಯವಷ್ಟೆ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಒಂದು ನಗರವು ಹೀಗೆ ಎರಡಾಗಿ ಸೀಳಿ, ಇವರು ಇಲ್ಲಿ ಅವರು ಅಲ್ಲಿ ಎಂದು ನಿಶ್ಚಯವಾಗಿ, ಆಮೇಲೆ ಬಹುಕಾಲ ಅಲ್ಲಿ ಕಲ್ಲು ಬೀಳದೆ ಬೆಂಕಿ ಏಳದೆ ಇದ್ದರೆ, ಆ ಸ್ಥಿತಿಯನ್ನು ಶಾಂತಿಯೆಂದು ಕರೆದು ಧರ್ಮವು ತೃಪ್ತಿಪಡಬಹುದೆ?

ಭಗವದ್ಗೀತೆಯು ಹದಿನಾರನೆಯ ಅಧ್ಯಾಯದಲ್ಲಿ ದೈವೀಸಂಪತ್ತಿನ ಗುಣಗಳನ್ನು ಎಣಿಸುವಾಗ ಎಲ್ಲಕ್ಕಿಂತ ಮೊದಲು ಇಟ್ಟಿರುವುದು ಅಭಯವನ್ನು. ಜೈನಾಚಾರ್ಯರು ದಾನಗಳಲ್ಲೆಲ್ಲ ಅಭಯದಾನವೇ ಶ್ರೇಷ್ಠವೆಂದರು. ಸಂನ್ಯಾಸ ಸ್ವೀಕರಿಸುವವನು ಸಕಲ ಭೂತಗಳಿಗೂ ತನ್ನಿಂದ ಭಯವಿಲ್ಲವೆಂದು ಸಾರಿಯೇ ಮನೆಯ ಹೊಸ್ತಿಲು ದಾಟುತ್ತಾನೆ. ಈ ಮೂರನ್ನೂ ಒಟ್ಟಿಗೆ ನೋಡಿದರೆ, ತಾನು ಹೆದರದಿರುವುದು ಅಭಯದ ಅರ್ಧ ಮಾತ್ರ, ತನಗೆ ಇನ್ನೊಬ್ಬನು ಹೆದರದಂತೆ ಬಾಳುವುದು ಅದರ ಉಳಿದರ್ಧ ಎಂಬುದು ಸ್ಪಷ್ಟವಾಗುತ್ತದೆ. ಗೋಡೆಯು ಮೊದಲರ್ಧವನ್ನು ಒಂದಷ್ಟು ಕೊಡಬಲ್ಲದು. ಎರಡನೆಯ ಅರ್ಧವನ್ನು ಅದು ಅಸಾಧ್ಯವಾಗಿಸುತ್ತದೆ, ಏಕೆಂದರೆ ನನ್ನನ್ನು ಕಂಡು ಹೆದರಬಹುದಾದವನು ನನ್ನ ಬೀದಿಯಲ್ಲಿ ಇಲ್ಲವೇ ಇಲ್ಲ. ಇಸ್ಲಾಮಿನಲ್ಲಿಯೂ ಕುರಾನಿನ ನಾಲ್ಕನೆಯ ಅಧ್ಯಾಯವು ಬಂಧುವಾದ ನೆರೆಯವನ ಜೊತೆಗೆ ಅಪರಿಚಿತನಾದ ನೆರೆಯವನನ್ನೂ ಹೆಸರಿಸಿ, ಅವನಿಗೂ ಉಪಕಾರವೆಸಗಬೇಕೆಂದು ವಿಧಿಸುತ್ತದೆ. ನೆರೆಯವನನ್ನು ನಾವು ಆರಿಸಿಕೊಳ್ಳುವುದಿಲ್ಲ. ಮಿತ್ರನನ್ನು ಆರಿಸುತ್ತೇವೆ, ಅಳಿಯನನ್ನು ಆರಿಸುತ್ತೇವೆ, ಗುರುವನ್ನು ಕೂಡ ಆರಿಸುತ್ತೇವೆ. ಕೇಳದೆಯೇ ಬಂದು ಪಕ್ಕದ ಬಾಗಿಲಲ್ಲಿ ನಿಲ್ಲುವವನು ನೆರೆಯವನೊಬ್ಬನೇ. ನಮ್ಮ ಕರುಣೆಯು ಸ್ವಜನಪ್ರೀತಿಯ ವಿಸ್ತಾರ ಮಾತ್ರವೋ ಅಥವಾ ಅದಕ್ಕಿಂತ ಮಿಗಿಲಾದದ್ದೋ ಎಂಬುದು ಪರೀಕ್ಷೆಗೊಳ್ಳುವ ಸ್ಥಳ ಆ ಬಾಗಿಲು.

ಕೋಟೆಯೊಳಗಣ ಹಳೆಯ ಅಹಮದಾಬಾದಿನಲ್ಲಿ ಬೇರ್ಪಾಡು ಇರಲಿಲ್ಲವೆಂದು ನಾನು ಹೇಳುವುದಿಲ್ಲ. 2017ರಲ್ಲಿ ಯುನೆಸ್ಕೋ ಆ ನಗರವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಲು ಕಾರಣವಾದವುಗಳಲ್ಲಿ ಅಲ್ಲಿಯ ಪೋಳುಗಳು ಮುಖ್ಯವಾದುವು. ಒಂದೊಂದು ಪೋಳೂ ಬಹುಮಟ್ಟಿಗೆ ಒಂದು ಜಾತಿಯ, ಒಂದು ಕಸುಬಿನ, ಒಂದು ಮತದ ಕೇರಿ. ರಾತ್ರಿಯಾದರೆ ಹೆಬ್ಬಾಗಿಲು ಮುಚ್ಚುತ್ತಿತ್ತು. ಆದರೆ ಒಂದು ಪೋಳಿನ ಹಿತ್ತಿಲ ಗೋಡೆಯೇ ಇನ್ನೊಂದರ ಗೋಡೆ. ಬೆಳಗಾದರೆ ಮಾಣೇಕಚೌಕದ ಅದೇ ಪೇಟೆಯಲ್ಲಿ ಎಲ್ಲರ ವ್ಯವಹಾರ. ಪೋಳಿನ ನಡುವೆ ಕೆತ್ತನೆಯ ಕಂಬದ ಮೇಲೆ ಸಣ್ಣ ಮಂಟಪದಂತೆ ನಿಂತ ಚಬೂತರೋ ಇರುತ್ತದೆ. ದಿನವೂ ಯಾರಾದರೊಬ್ಬರು ಅಲ್ಲಿ ಕಾಳು ಹಾಕುತ್ತಾರೆ, ಪಾರಿವಾಳಗಳೂ ಗಿಳಿಗಳೂ ಬಂದು ತಿನ್ನುತ್ತವೆ. ಮರಗಳನ್ನು ಕಳೆದುಕೊಂಡ ಹಕ್ಕಿಗಳಿಗೆ ಊರು ಕೊಡುವ ಪರಿಹಾರವೆಂಬ ಭಾವನೆಯಿಂದ ಇಷ್ಟು ಕಾಳಜಿ ವಹಿಸಿದ ಜನರ ಅಹಿಂಸೆಯನ್ನು ನಾನು ಹೃತ್ಪೂರ್ವಕವಾಗಿ ಗೌರವಿಸುತ್ತೇನೆ. ಅದೇ ಅಹಿಂಸೆಯು ಈಚೆಗೆ, ಮಾಂಸ ತಿನ್ನುವವರಿಗೆ ಮನೆ ಕೊಡುವುದಿಲ್ಲವೆಂಬ ನಿಯಮವಾಗಿ ವಸತಿ ಸೊಸೈಟಿಗಳ ಬಾಗಿಲಲ್ಲಿ ನಿಂತಿರುವುದು ನನಗೆ ಅತೀವ ವ್ಯಥೆಯನ್ನುಂಟುಮಾಡುತ್ತದೆ. ಆಹಾರದಲ್ಲಿ ಪ್ರಾಣಿಯನ್ನು ಕಾಪಾಡುವ ವ್ರತವು ಮನುಷ್ಯನನ್ನು ಹೊರಗಿಡುವ ಸಾಧನವಾದರೆ ವ್ರತಕ್ಕೆ ಭಂಗ ಬಂದಂತೆಯೇ ಸರಿ.

ಕಾನೂನು ಈ ಸೀಳನ್ನು ಹೊಲಿಯಲು ಹೊರಟಿತು. ಗಲಭೆಯ ಭಯ ತೋರಿಸಿ ಬಡವರ ಮನೆಗಳನ್ನು ಅಗ್ಗಕ್ಕೆ ಕಸಿದುಕೊಳ್ಳದಿರಲೆಂದು 1986ರಲ್ಲಿ ಮೊದಲು ತಂದು, 1991ರಲ್ಲಿ ಹೊಸದಾಗಿ ರಚಿಸಿದ ಗುಜರಾತಿನ ಅಶಾಂತ ಪ್ರದೇಶಗಳ ಕಾಯಿದೆಯು, ಅಂಥ ಪ್ರದೇಶಗಳಲ್ಲಿ ಜಿಲ್ಲಾಧಿಕಾರಿಯ ಪೂರ್ವಾನುಮತಿಯಿಲ್ಲದೆ ಸ್ಥಿರಾಸ್ತಿಯನ್ನು ಪರಭಾರೆ ಮಾಡಲಾಗದು ಎಂದಿತು. ಉದ್ದೇಶ ಸಾಧುವಾದದ್ದೇ. ಅಹಮದಾಬಾದ್ ಮಾತ್ರವಲ್ಲದೆ ವಡೋದರಾ, ಸೂರತ್ ನಗರಗಳ ಅನೇಕ ಭಾಗಗಳಿಗೂ ಅದು ವಿಸ್ತರಿಸಿತು. ಆದರೆ ವರ್ಷಗಳು ಕಳೆದಂತೆ ಅದು ಬಲಾತ್ಕಾರದ ಮಾರಾಟವನ್ನು ತಡೆಯುವುದರ ಜೊತೆಗೆ, ಒಬ್ಬ ಹಿಂದೂ ಒಬ್ಬ ಮುಸಲ್ಮಾನನಿಗೆ ಒಪ್ಪಿ ಮಾರುವುದನ್ನೂ ದುಸ್ತರವಾಗಿಸಿತು. 2019ರಲ್ಲಿ ವಿಧಾನಸಭೆಯು ಅಂಗೀಕರಿಸಿದ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಇತ್ತ 2005ರಲ್ಲಿ ಅಹಮದಾಬಾದಿನ ಪಾರಸಿಗಳ ಒಂದು ವಸತಿ ಸಹಕಾರ ಸಂಘದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಸದಸ್ಯತ್ವವನ್ನು ತಮ್ಮ ಸಮುದಾಯಕ್ಕೇ ಸೀಮಿತಗೊಳಿಸುವ ಸಂಘದ ನಿಯಮವನ್ನು ಎತ್ತಿಹಿಡಿದಿತ್ತು. ಕ್ಷೀಣಿಸುತ್ತಿರುವ ಅಲ್ಪಸಂಖ್ಯಾತರು ಒಟ್ಟಾಗಿ ಬಾಳಬಯಸುವುದು ಒಂದು. ಬಹುಸಂಖ್ಯಾತರು ಅದೇ ನಿಯಮವನ್ನು ಹಿಡಿದು ನಗರದ ಬಹುಭಾಗವನ್ನು ಮುಚ್ಚುವುದು ಮತ್ತೊಂದು.

ಜುಹಾಪುರದ ಒಳಗಿನವರನ್ನು ಕುರಿತು ಹೇಳದೆ ಮುಂದುವರಿದರೆ ಅನ್ಯಾಯವಾಗುತ್ತದೆ. 2006ರ ಸುಮಾರಿಗೆ ಮಹಾನಗರ ಪಾಲಿಕೆಗೆ ಸೇರುವ ತನಕ, ಸೇರಿದ ಮೇಲೆಯೂ, ನೀರಿಗೂ ಚರಂಡಿಗೂ ಬಹುಕಾಲ ಹಂಬಲಿಸಿದ ಆ ಜನರು ತಾವೇ ಶಾಲೆಗಳನ್ನು ಕಟ್ಟಿಕೊಂಡರು, ಆಸ್ಪತ್ರೆಗಳನ್ನು ಕಟ್ಟಿಕೊಂಡರು. ಮೇಮನರು, ವೋರಾಗಳು, ಛೀಪಾಗಳು, ಪಠಾಣರು, ಹಿಂದೆ ತಂತಮ್ಮ ಕೇರಿಗಳಲ್ಲಿ ಬೇರೆಬೇರೆಯಾಗಿದ್ದವರು, ಧನಿಕರೂ ಕೂಲಿಕಾರರೂ, ಇಲ್ಲಿ ಒಂದೇ ರಸ್ತೆಗೆ ಬಂದರು. ಭಯವು ಕೂಡಿಸಿದ ಆ ನೆರೆಹೊರೆಯನ್ನು ಬಾಳುವಂತೆ ಮಾಡಿದ ಶ್ರಮ ಸಾಮಾನ್ಯವಾದದ್ದಲ್ಲ. ಹೊರಗಿನ ನಗರವು ಇವರನ್ನು ನೋಡಿ, ನೀವೇಕೆ ಬೇರೆಯಾಗಿದ್ದೀರಿ ಎಂದು ಕೇಳುವುದು ಸಲ್ಲದು.

ಕನ್ನಡನಾಡಿನವರು ಇದನ್ನು ಓದಿ ಗುಜರಾತಿನ ಸಂಗತಿಯೆಂದು ಸುಮ್ಮನಾಗಲೂ ಸಲ್ಲದು. ನಮ್ಮ ಹಳ್ಳಿಗಳು ಊರೆಂದೂ ಕೇರಿಯೆಂದೂ ಶತಮಾನಗಳಿಂದ ಸೀಳಿಕೊಂಡೇ ಇವೆ, ಅಲ್ಲಿಯ ಬಾವಿಗಳೂ ಬೇರೆ, ಸ್ಮಶಾನಗಳೂ ಬೇರೆ.

ಬಾವಿಯ ಮಾತು ಬಂದಾಗ ಜುಹಾಪುರಕ್ಕೆ ಕೆಲವೇ ಮೈಲಿ ದೂರದ ಕೋಚರಬ್ ನೆನಪಾಗುತ್ತದೆ. 1915ರ ಮೇ 25ರಂದು ಗಾಂಧೀಜಿ ಅಲ್ಲಿ, ಬಾಡಿಗೆಯ ಬಂಗಲೆಯಲ್ಲಿ, ಆಶ್ರಮ ಸ್ಥಾಪಿಸಿದರು. ಕೆಲವು ತಿಂಗಳಲ್ಲಿ ಅಮೃತಲಾಲ ಠಕ್ಕರರ ಶಿಫಾರಸಿನ ಮೇರೆಗೆ ದೂದಾಭಾಯಿ, ದಾನೀಬೆನ್ ದಂಪತಿಗಳೂ ಅವರ ಎಳೆಯ ಮಗಳು ಲಕ್ಷ್ಮಿಯೂ ಬಂದು ಸೇರಿದರು. ಅಸ್ಪೃಶ್ಯರು ಬಂದರೆಂದು ಆಶ್ರಮಕ್ಕೆ ಬರುತ್ತಿದ್ದ ಧನಸಹಾಯ ನಿಂತಿತು. ಬಂಗಲೆಯ ಮಾಲೀಕರಿಗೂ ಪಾಲಿದ್ದ ಬಾವಿಯಲ್ಲಿ ಕಪಿಲೆ ಹೊಡೆಯುತ್ತಿದ್ದವನು, ಆಶ್ರಮದವರ ಬಿಂದಿಗೆಯ ಹನಿ ಸಿಡಿದು ತನಗೆ ಮೈಲಿಗೆಯಾಗುವುದೆಂದು ಬೈದು, ದೂದಾಭಾಯಿಯನ್ನು ಪೀಡಿಸಿದನು. ಬೈಗುಳವನ್ನು ಸಹಿಸಿ ನೀರು ಸೇದುತ್ತಲೇ ಇರಿ ಎಂದರು ಗಾಂಧೀಜಿ. ಕಡೆಗೆ ಅವನೇ ನಾಚಿ ಸುಮ್ಮನಾದನು. ಹಣ ಮುಗಿದುಹೋದರೆ ಅಸ್ಪೃಶ್ಯರ ಕೇರಿಗೇ ಹೋಗಿ ಅಲ್ಲಿ ವಾಸಿಸುವುದೆಂದೂ ಅವರು ನಿಶ್ಚಯಿಸಿದ್ದರು. ಅಷ್ಟರಲ್ಲಿ ಹೆಸರು ಹೇಳದ ಧನಿಕನೊಬ್ಬನು ಕಾರಿನಲ್ಲಿ ಬಂದು 13,000 ರೂಪಾಯಿ ಕೊಟ್ಟುಹೋದನು.

ಈ ಪ್ರಸಂಗವನ್ನು ಮನನ ಮಾಡಿದಷ್ಟೂ ನನಗೆ ಒಂದು ಸಂಗತಿ ಚುಚ್ಚುತ್ತದೆ: ಬಾವಿಯ ಬಳಿ ಬೈಗುಳ ತಿಂದು ಸಹಿಸಬೇಕಾದವನು ದೂದಾಭಾಯಿ. ಸಹನೆಯ ಭಾರವನ್ನು ದುರ್ಬಲನ ಹೆಗಲಿಗೆ ಏರಿಸುವ ಅಭ್ಯಾಸ ನಮ್ಮ ಸತ್ಪುರುಷರಲ್ಲಿಯೂ ಇತ್ತು. ಆದರೂ ಗಾಂಧೀಜಿ ತಮ್ಮ ಪಾಲನ್ನು ತಪ್ಪಿಸಿಕೊಳ್ಳಲಿಲ್ಲ. ತಾವೇ ಆ ಕೇರಿಗೆ ಹೋಗಿ ನೆರೆಯವರಾಗಲು ಸಿದ್ಧರಿದ್ದರು.

ಅಂಥ ಸಿದ್ಧತೆಗೆ ಇಂದೂ ಅವಕಾಶವಿದೆ. ವಡೋದರಾದ ಹರಣಿಯಲ್ಲಿ ಮುಖ್ಯಮಂತ್ರಿ ಆವಾಸ ಯೋಜನೆಯಡಿ ಕಟ್ಟಿದ 462 ಮನೆಗಳ ಒಂದು ಸಮುಚ್ಚಯವಿದೆ. 2017ರಲ್ಲಿ ಚೀಟಿ ಎತ್ತಿದಾಗ ಅದರಲ್ಲಿ ಒಂದು ಮನೆ ಒಬ್ಬ ಮುಸ್ಲಿಂ ಮಹಿಳೆಗೆ ಬಂದಿತು. 2024ರ ಜೂನ್ ತಿಂಗಳಲ್ಲಿ ನಿವಾಸಿಗಳಲ್ಲಿ ಕೆಲವರು ಆ ಹಂಚಿಕೆಯನ್ನು ರದ್ದುಪಡಿಸಬೇಕೆಂದು ಪ್ರತಿಭಟಿಸಿದರು. ಅವರ ದೂರಿನ ಅರ್ಜಿ ಜಿಲ್ಲಾಧಿಕಾರಿಗಳ ಕಚೇರಿ ಸೇರಿತು. ಅದೇ ಸಮುಚ್ಚಯದ ಒಂದೇ ಒಂದು ಮನೆಯವರು, ಆಕೆ ನಮ್ಮ ಪಕ್ಕದಲ್ಲಿ ಬಂದು ನೆಲೆಸಲಿ, ನಾವು ಜೊತೆಗಿದ್ದೇವೆ ಎಂದು ತಮ್ಮ ಹೆಸರು ಬರೆದು ಇನ್ನೊಂದು ಅರ್ಜಿಯನ್ನು ಅದೇ ಕಚೇರಿಗೆ ಒಯ್ದು ಕೊಡುವುದಕ್ಕೆ ಯಾವ ಕಾಯಿದೆಯ ಅಡ್ಡಿಯೂ ಇಲ್ಲ.