ಲೆಕ್ಕ ಕೇಳಿದರೆ ನಂಬಿಕೆ ಇಲ್ಲವೆಂದೇ?

ವಾಕ್ಯಭಾಗ: ಎರಡನೇ ಅರಸುಗಳು 12:4-16

ದೇವಜನರೇ, ಇವತ್ತು ಮಾರ್ಚ್ ತಿಂಗಳ ಕೊನೆಯ ಭಾನುವಾರ. ಆರಾಧನೆ ಮುಗಿದ ಮೇಲೆ ನಮ್ಮ ಹಿರಿಯರು ಮುಂದಿನ ವರ್ಷದ ಬಜೆಟ್ ಓದ್ತಾರೆ, ಯಾರೂ ಎದ್ದು ಹೋಗಬೇಡಿ. ಹೋದ ವಾರ ಇದನ್ನ ಪ್ರಕಟಣೆ ಮಾಡಿದಾಗ ಒಬ್ಬ ತಾಯಿ ನನ್ನ ಹತ್ರ ಬಂದ್ರು. "ಪಾಸ್ಟರ್, ದೇವರು ನಡೆಸ್ತಾರೆ ಅಂತ ನೀವೇ ಹೇಳ್ತೀರಿ. ಮತ್ತೆ ಈ ಬಜೆಟ್ಟು, ಲೆಕ್ಕ, ಆಡಿಟ್ಟು ಎಲ್ಲಾ ಯಾಕೆ? ನಿಮ್ಮ ಮೇಲೆ ನಮಗೆ ನಂಬಿಕೆ ಇದೆಯಲ್ಲ?" ಅಂದ್ರು.

ಆ ತಾಯಿ ಪ್ರೀತಿಯಿಂದಲೇ ಕೇಳಿದ್ರು. ಆದ್ರೆ ನನಗೆ ಒಳಗೊಳಗೆ ಭಯ ಆಯ್ತು. ಯಾಕಂದ್ರೆ ಇದೇ ಮಾತನ್ನ ನಾನು ಒಂದು ಕಾಲದಲ್ಲಿ ಒಬ್ಬ ತಮ್ಮನ ಬಾಯಿ ಮುಚ್ಚಿಸೋದಕ್ಕೆ ಬಳಸಿದ್ದೆ. ಹಳಬರಿಗೆ ಈ ವಿಷಯ ಗೊತ್ತು. ಹೊಸದಾಗಿ ಸಭೆಗೆ ಸೇರಿದವರಿಗೆ ಗೊತ್ತಿಲ್ಲ. ಅವರೂ ನನ್ನ ಬಾಯಿಂದಲೇ ಕೇಳಲಿ.

ಆಗ ನಮ್ಮದು 42 ಕುಟುಂಬಗಳ ಸಭೆ, ಬಾಡಿಗೆ ಹಾಲು. ಸ್ವಂತ ಜಾಗ ತಗೋಬೇಕು ಅಂತ ಎರಡು ವರ್ಷ ಸೈಟಿಗಾಗಿ ವಿಶೇಷ ಕಾಣಿಕೆ ಎತ್ತಿದ್ವಿ. ಹಣವೆಲ್ಲ ನನ್ನ ಮನೆಯ ಬೀರುವಿನಲ್ಲಿ, ಲೆಕ್ಕವೆಲ್ಲ ನನ್ನ ಜೇಬಿನ ಡೈರಿಯಲ್ಲಿ. ಸಂಡೇ ಸ್ಕೂಲ್ ನಡೆಸುತ್ತಿದ್ದ ಒಬ್ಬ ತಮ್ಮ ಇದ್ದ. ಬಿ.ಕಾಂ ಓದಿ ಆಡಿಟರ್ ಆಫೀಸಿನಲ್ಲಿ ಕೆಲಸಕ್ಕಿದ್ದ. ಒಂದು ದಿನ ಮೆಲ್ಲಗೆ ಕೇಳಿದ, "ಪಾಸ್ಟರ್, ಸೈಟಿನ ಕಾಣಿಕೆ ಇಲ್ಲೀವರೆಗೆ ಎಷ್ಟಾಗಿದೆ? ಜನ ಕೇಳ್ತಿದ್ದಾರೆ, ಒಂದು ರಿಜಿಸ್ಟರ್ ಮಾಡೋಣ್ವಾ?" ನಾನು ಎಲ್ಲರ ಮುಂದೆ ಅವನಿಗೆ ಹೇಳಿದೆ, "ದೇವರ ಸೇವಕನ ಹತ್ರ ಲೆಕ್ಕ ಕೇಳ್ತೀಯಾ? ನಂಬಿಕೆ ಇಲ್ವಾ?" ಅಷ್ಟಕ್ಕೇ ಬಿಡಲಿಲ್ಲ. ಮುಂದಿನ ಭಾನುವಾರ ಇವತ್ತು ಓದಿದ ಇದೇ ಅಧ್ಯಾಯದಿಂದ ಪ್ರಸಂಗ ಮಾಡಿದೆ. 15ನೇ ವಚನವನ್ನ ಮಾತ್ರ ಓದಿದೆ. ಹಣ ಪಡೆದು ಕೆಲಸ ಮಾಡಿಸಿದವರ ಹತ್ರ ಯಾರೂ ಲೆಕ್ಕ ಕೇಳಲಿಲ್ಲ, ಯಾಕಂದ್ರೆ ಅವರು ನಂಬಿಗಸ್ತರಾಗಿದ್ದರು ಅಂತ ಅಲ್ಲಿದೆ. ಮೈಕ್ ಹಿಡಿದು ಜೋರಾಗಿ ಹೇಳಿದೆ. ಸಭೆ ಆಮೆನ್ ಅಂತು. ಆ ತಮ್ಮ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿಕೊಂಡು ಕೂತಿದ್ದ. ಒಂದು ತಿಂಗಳಲ್ಲಿ ಸಭೆಗೆ ಬರೋದನ್ನ ನಿಲ್ಲಿಸಿದ.

ಆಮೇಲೆ 2020ರ ಮಾರ್ಚ್ ಬಂತು. ಲಾಕ್‌ಡೌನ್ ಆಗಿ ಸಭೆ ಮುಚ್ಚಿತು, ಕಾಣಿಕೆ ನಿಂತಿತು. ಗಾರೆ ಕೆಲಸದವರು, ಮನೆಗೆಲಸದ ಅಕ್ಕಂದಿರು, ಆಟೋ ಓಡಿಸೋರು, ನಮ್ಮ ಸಭೆಯಲ್ಲಿ ದಿನದ ದುಡಿಮೆಯವರೇ ಹೆಚ್ಚು. ಅವರಿಗೆ ರೇಷನ್ ಕೊಡೋಣ ಅಂತ ಬೀರು ತೆಗೆದೆ. ಡೈರಿ ಕೂಡಿಸಿ ನೋಡಿದ್ರೆ ಸೈಟಿನ ಕಾಣಿಕೆ 61,000 ಇರಬೇಕಿತ್ತು. ಕೈಯಲ್ಲಿದ್ದದ್ದು 23,000. ರಾತ್ರಿಯಿಡೀ ಕೂತು ಲೆಕ್ಕ ಹಾಕಿದೆ. ಕನ್ವೆನ್ಷನ್‌ನ ಶಾಮಿಯಾನ, ಸೌಂಡ್ ಸಿಸ್ಟಮ್‌ಗೆ 21,000 ತೆಗೆದಿದ್ದೆ. ಎರಡು ತಿಂಗಳ ಹಾಲಿನ ಬಾಡಿಗೆಗೆ 12,000. ಮಿಕ್ಕ 5,000 ಎಲ್ಲಿ ಹೋಯ್ತು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.

ಪ್ರಿಯರೇ, ನಾನು ಕದಿಯಲಿಲ್ಲ. ಆದ್ರೆ "ಕದಿಯಲಿಲ್ಲ" ಅನ್ನೋದು ದೇವರ ಮುಂದೆ ಎಷ್ಟು ದೂರ ನಿಲ್ಲುತ್ತೆ? ಹೂ ಕಟ್ಟಿ ಮಾರೋ ಒಬ್ಬ ಅಜ್ಜಿ ಸೈಟಿಗೆ ಅಂತ 50 ರೂಪಾಯಿ ಕೊಟ್ಟಿದ್ದರು. ಅವರು ಕೊಟ್ಟದ್ದು ಒಂದಕ್ಕೆ, ನಾನು ಖರ್ಚು ಮಾಡಿದ್ದು ಇನ್ನೊಂದಕ್ಕೆ. ಆ ಅಜ್ಜಿಗೆ ನಾನು ಕೊಟ್ಟ ಮಾತು ಸುಳ್ಳಾಯಿತು, ಆದ್ರೆ ಅವರಿಗೆ ಅದು ಗೊತ್ತೇ ಇರಲಿಲ್ಲ. ನನಗೂ ಗೊತ್ತಿರಲಿಲ್ಲ, ಅದೇ ದೊಡ್ಡ ನಾಚಿಕೆ.

ಆ ರಾತ್ರಿ ಮತ್ತೆ ಎರಡನೇ ಅರಸುಗಳು 12 ತೆಗೆದೆ. ಈ ಸಲ ನಾಲ್ಕನೇ ವಚನದಿಂದ ಓದಿದೆ. ಯೋವಾಷ ಅರಸ ದೇವಾಲಯವನ್ನ ರಿಪೇರಿ ಮಾಡಿಸಿ ಅಂತ ಯಾಜಕರಿಗೆ ಹೇಳ್ತಾನೆ. ಹಣ ತಗೊಳ್ಳೋರೂ ಯಾಜಕರೇ, ಖರ್ಚು ಮಾಡಬೇಕಾದವರೂ ಯಾಜಕರೇ. ಅರಸನ ಆಳ್ವಿಕೆಯ 23ನೇ ವರ್ಷ ಬಂದರೂ ರಿಪೇರಿ ಆಗಿರಲಿಲ್ಲ! ಯಾಜಕರು ಕಳ್ಳರು ಅಂತ ವಾಕ್ಯ ಎಲ್ಲಿಯೂ ಹೇಳೋದಿಲ್ಲ. ಹಣ ಬರ್ತಾ ಇತ್ತು, ಬಿರುಕು ಹಾಗೇ ಇತ್ತು, ಅಷ್ಟೇ ಹೇಳುತ್ತೆ. ಅದು ನನ್ನದೇ ಕಥೆ ಅನ್ನಿಸ್ತು.

ಆಗ ಏನು ಮಾಡಿದ್ರು? ಯಾಜಕನಾದ ಯೆಹೋಯಾದ ಒಂದು ಪೆಟ್ಟಿಗೆ ತಂದು, ಅದರ ಮುಚ್ಚಳಕ್ಕೆ ತೂತು ಕೊರೆದು, ಯಜ್ಞವೇದಿಯ ಪಕ್ಕದಲ್ಲಿ, ಎಲ್ಲರೂ ಕಾಣೋ ಜಾಗದಲ್ಲಿ ಇಟ್ಟ. ಪೆಟ್ಟಿಗೆ ತುಂಬಿದಾಗ ಒಬ್ಬನೇ ಬಂದು ಎಣಿಸಲಿಲ್ಲ. ಅರಸನ ಲೇಖಕನೂ ಮಹಾಯಾಜಕನೂ ಇಬ್ಬರೂ ಬಂದು ಎಣಿಸಿ ಚೀಲಗಳಲ್ಲಿ ಕಟ್ಟಿದ್ರು. ಆಮೇಲೆ ಮೇಲ್ವಿಚಾರಕರ ಕೈಗೆ, ಅವರಿಂದ ಬಡಗಿಗಳಿಗೆ, ಕಲ್ಲುಕುಟಿಗರಿಗೆ ಹೋಯ್ತು. 16ನೇ ವಚನ ನೋಡಿ, ಯಾಜಕರ ಜೀವನಕ್ಕೆ ಸೇರಬೇಕಾದ ಹಣವನ್ನ ಬೇರೆಯಾಗಿಯೇ ಇಟ್ಟರು, ರಿಪೇರಿ ಹಣಕ್ಕೆ ಬೆರೆಸಲಿಲ್ಲ. ಇಷ್ಟೆಲ್ಲಾ ವ್ಯವಸ್ಥೆ ಇದ್ದ ಅಧ್ಯಾಯದಲ್ಲೇ ಆ 15ನೇ ವಚನ ಇರೋದು. ನಾನು ಪೆಟ್ಟಿಗೆಯನ್ನ ಬಿಟ್ಟೆ, ಇಬ್ಬರು ಎಣಿಸಿದ್ದನ್ನ ಬಿಟ್ಟೆ, ನನಗೆ ಅನುಕೂಲ ಆದ ಒಂದೇ ವಚನ ಹಿಡಿದುಕೊಂಡೆ. ಅಲ್ಲಿ ಲೆಕ್ಕ ಕೇಳದೆ ನಂಬಿದ್ದು ಸುತ್ತಿಗೆ ಹಿಡಿದು ಕೆಲಸ ಮಾಡಿಸಿದವರನ್ನ. ಲೆಕ್ಕ ತೆರೆದಿಡಬೇಕಾಗಿ ಬಂದದ್ದು ಯಾಜಕರಿಗೆ! ನಾನು ಅದನ್ನ ತಲೆಕೆಳಗು ಮಾಡಿ ಪ್ರಸಂಗಿಸಿದ್ದೆ.

ಕೆಲವರು ಕೇಳಬಹುದು, "ಪಾಸ್ಟರ್, ಯೇಸು ಸ್ವಾಮಿ ಹಣದ ಚೀಲವನ್ನ ಯೂದನ ಕೈಗೇ ಬಿಟ್ಟಿದ್ದರಲ್ಲ?" ಕಷ್ಟದ ಪ್ರಶ್ನೆ. ಯೋಹಾನ 12ರಲ್ಲಿ ಅವನು ಕಳ್ಳ, ಚೀಲದಿಂದ ತೆಗೀತಿದ್ದ ಅಂತ ಬರೆದಿದೆ. ಸ್ವಾಮಿಗೆ ಗೊತ್ತಿತ್ತು, ಆದರೂ ಅವನನ್ನ ಪ್ರೀತಿಸಿದರು, ಕೊನೆಯ ರಾತ್ರಿ ಅವನ ಕಾಲನ್ನೂ ತೊಳೆದರು. ಆದ್ರೆ ಯೋಹಾನ 13:29 ಓದಿ. ಯೂದ ಎದ್ದು ಹೊರಗೆ ಹೋದಾಗ, ಹಬ್ಬಕ್ಕೆ ಏನೋ ತರೋಕೆ ಹೋದ, ಇಲ್ಲಾ ಬಡವರಿಗೆ ಕೊಡೋಕೆ ಹೋದ ಅಂತ ಉಳಿದವರು ಅಂದುಕೊಂಡರು. ಚೀಲ ಒಬ್ಬನ ಹತ್ರ ಇತ್ತು, ಉಳಿದವರಿಗೆ ಏನೂ ತಿಳಿಯಲಿಲ್ಲ. ಆ ರಾತ್ರಿಯನ್ನ ಆ ಶಿಷ್ಯರು ಮರೆತಿರಲಿಕ್ಕಿಲ್ಲ ಅಂತ ನನಗೆ ಅನ್ನಿಸುತ್ತೆ. ಯಾಕಂದ್ರೆ ಅಪೊಸ್ತಲರ ಕೃತ್ಯಗಳು 6ರಲ್ಲಿ ವಿಧವೆಯರ ಊಟದ ವಿಷಯ ಬಂದಾಗ ಅವರು ಒಬ್ಬನನ್ನ ನೇಮಿಸಲಿಲ್ಲ, ಏಳು ಜನರನ್ನ ನೇಮಿಸಿದರು.

ಆ ಅಧ್ಯಾಯದಲ್ಲಿ ಇನ್ನೊಂದು ವಿಷಯ ಇದೆ. ಗ್ರೀಕ್ ಭಾಷೆಯವರು ಗುಣುಗುಟ್ಟಿದರು, ನಮ್ಮ ವಿಧವೆಯರಿಗೆ ಸರಿಯಾಗಿ ಸಿಗ್ತಿಲ್ಲ ಅಂತ. ಅಪೊಸ್ತಲರು "ನಮ್ಮನ್ನೇ ಪ್ರಶ್ನೆ ಮಾಡ್ತೀರಾ?" ಅಂತ ಗದರಿಸಲಿಲ್ಲ. ನಿಮ್ಮಲ್ಲೇ ಒಳ್ಳೇ ಹೆಸರಿರುವ, ಆತ್ಮಭರಿತರಾದ, ಜ್ಞಾನವಿರುವ ಏಳು ಜನರನ್ನ ಆರಿಸಿ ಅಂದರು. ಆರಿಸಿದ ಏಳೂ ಹೆಸರು ಗ್ರೀಕ್ ಹೆಸರುಗಳೇ. ಅಂದ್ರೆ ಯಾರಿಗೆ ನೋವಾಗಿತ್ತೋ ಅವರ ಕಡೆಯವರ ಕೈಗೇ ಸೌಟು ಕೊಟ್ಟ ಹಾಗೆ! ಅಲ್ಲಿಂದ ಯಾರು ಬೆಳೆದು ಬಂದರು ನೋಡಿ. ಸ್ತೆಫನ, ಸಭೆಯ ಮೊದಲ ರಕ್ತಸಾಕ್ಷಿ. ಫಿಲಿಪ್ಪ, ಸಮಾರ್ಯಕ್ಕೆ ಸುವಾರ್ತೆ ಒಯ್ದವನು. ಅದೇ ಫಿಲಿಪ್ಪನನ್ನ ಆತ್ಮನು ಐಥಿಯೋಪ್ಯ ರಾಣಿಯ ಖಜಾನೆ ನೋಡಿಕೊಳ್ಳುತ್ತಿದ್ದ ಅಧಿಕಾರಿಯ ರಥದ ಹತ್ರ ಕಳಿಸಿದನು. ಊಟ ಹಂಚೋ ಲೆಕ್ಕದಲ್ಲಿ ನಂಬಿಗಸ್ತನಾದವನ ಕೈಗೆ ದೇವರು ಒಂದು ಆತ್ಮವನ್ನ ಒಪ್ಪಿಸಿದರು. ಹಲ್ಲೆಲೂಯ!

ಇಲ್ಲೇ ದೇವರು ನನ್ನನ್ನ ಹಿಡಿದರು. ನಾನು ವರ್ಷಗಟ್ಟಲೆ ಪ್ರಾರ್ಥಿಸ್ತಿದ್ದೆ, "ಕರ್ತನೇ, ನಮ್ಮ ಸಭೆಗೆ ನಾಯಕರನ್ನ ಎಬ್ಬಿಸು." ದೇವರು ಎಬ್ಬಿಸಿದ್ದರು. ಲೆಕ್ಕ ಗೊತ್ತಿದ್ದ, ಸಭೆಯನ್ನ ಪ್ರೀತಿಸ್ತಿದ್ದ ಒಬ್ಬ ತಮ್ಮ ಎದ್ದು ನಿಂತಿದ್ದ. ನಾನೇ ಅವನನ್ನ ಕೂರಿಸಿದೆ. 38,000 ಕಳೆದದ್ದು ದೊಡ್ಡದೇ, ಆದ್ರೆ ಆ ತಮ್ಮನನ್ನ ಕಳಕೊಂಡದ್ದು ಅದಕ್ಕಿಂತ ದೊಡ್ಡದು. ಹಣದ ಕೀಲಿಕೈಯನ್ನ ಒಬ್ಬನೇ ಇಟ್ಟುಕೊಂಡ ಸಭಾಪಾಲಕ ಎಷ್ಟೇ ಲೀಡರ್‌ಶಿಪ್ ಸೆಮಿನಾರ್ ಮಾಡಿದರೂ ಅಲ್ಲಿ ಕುರ್ಚಿ ಹಾಕೋರು ಬೆಳೀತಾರೆ, ನಾಯಕರು ಬೆಳೆಯೋದಿಲ್ಲ. ಜವಾಬ್ದಾರಿ ಇಲ್ಲದ ಕಡೆ ಯಾರೂ ಜವಾಬ್ದಾರಿ ಕಲಿಯೋದಿಲ್ಲ.

ಲಾಕ್‌ಡೌನ್ ಮುಗಿದು ಸಭೆ ಮತ್ತೆ ಕೂಡಿದ ಮೇಲೆ ನಾನು ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಗೊತ್ತಿಲ್ಲದ 5,000 ನಾನೇ ಕಟ್ಟಿದೆ. ಉಳಿದ 33,000 ಸಭೆಗೇ ಖರ್ಚಾಗಿತ್ತು, ಅದನ್ನ ತಿಂಗಳಿಗೆ 1,500ರಂತೆ 22 ತಿಂಗಳು ಸೈಟಿನ ಖಾತೆಗೆ ವಾಪಸ್ ಹಾಕಬೇಕು ಅಂತ ಸಭೆ ತೀರ್ಮಾನಿಸಿತು. ಅದೇ ನಮ್ಮ ಮೊದಲನೇ ಬಜೆಟ್‌ನ ಮೊದಲನೇ ಸಾಲು. ಆ ತಮ್ಮನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವನು ಅತ್ತ, ನಾನೂ ಅತ್ತೆ. ವಾಪಸ್ ಬರಲಿಲ್ಲ, ಬೇರೆ ಸಭೆಯಲ್ಲಿ ಸೇವೆ ಮಾಡ್ತಿದ್ದಾನೆ. ಆದ್ರೆ ಎರಡು ಶನಿವಾರ ಬಂದು ರಿಜಿಸ್ಟರ್ ಬರೆಯೋದನ್ನ ನಮ್ಮವರಿಗೆ ಕಲಿಸಿಕೊಟ್ಟು ಹೋದ. ದೇವರು ಅವನನ್ನ ಆಶೀರ್ವದಿಸಲಿ.

ಕಲಿತವರು ಯಾರು ಗೊತ್ತಾ? ಸ್ತ್ರೀಶಕ್ತಿ ಸಂಘದ ಪುಸ್ತಕ ಬರೀತಿದ್ದ ನಮ್ಮ ಒಬ್ಬ ಅಕ್ಕ. ವಾರವಾರ ಉಳಿತಾಯ, ಸಾಲ, ಬಡ್ಡಿ, ಸಹಿ, ಪಾಸ್‌ಬುಕ್ ಎಲ್ಲಾ ಅವರಿಗೆ ನೀರು ಕುಡಿದಷ್ಟು ಸುಲಭ. ಆರು ವರ್ಷ ನಮ್ಮ ಸಭೆಯಲ್ಲಿ ಪಾತ್ರೆ ತೊಳೆದಿದ್ದರು. ಅವರಿಗೆ ಏನು ಬರುತ್ತೆ ಅಂತ ನಾನು ಒಂದು ಸಲವೂ ಕೇಳಿರಲಿಲ್ಲ.

ಈಗ ಕಾಣಿಕೆಯನ್ನ ಒಂದೇ ಮನೆಯವರಲ್ಲದ ಇಬ್ಬರು ಎಣಿಸಿ ಸಹಿ ಹಾಕ್ತಾರೆ. ಸೋಮವಾರ ಬ್ಯಾಂಕಿಗೆ ಕಟ್ಟುತ್ತಾರೆ, ಚೆಕ್‌ಗೆ ಎರಡು ಸಹಿ ಬೇಕು. ನನ್ನ ಸಂಬಳ ಎಷ್ಟು ಅಂತ ನೀವು ತೀರ್ಮಾನಿಸ್ತೀರಿ, ಅದು ಒಂದು ಸಾಲಾಗಿ ಬಜೆಟ್‌ನಲ್ಲಿದೆ. ಮೂರು ತಿಂಗಳಿಗೊಮ್ಮೆ ಲೆಕ್ಕ ಓದ್ತೀವಿ, ವರ್ಷಕ್ಕೊಮ್ಮೆ ಹೊರಗಿನ ಆಡಿಟರ್ ನೋಡ್ತಾರೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ನೋಂದಣಿಯಾದ ಯಾವುದೇ ಸಂಘ ಪ್ರತಿ ವರ್ಷ ಲೆಕ್ಕ ಸಲ್ಲಿಸಲೇಬೇಕು. ಸರ್ಕಾರಕ್ಕೆ ತೋರಿಸೋ ಲೆಕ್ಕವನ್ನ ಕಾಣಿಕೆ ಕೊಟ್ಟ ಅಜ್ಜಿಗೆ ತೋರಿಸೋಕೆ ನಾಚಿಕೆ ಯಾಕೆ?

ಇನ್ನೊಂದು ಮುಖ್ಯ ವಿಷಯ. ಬಜೆಟ್‌ನ ಒಂದೊಂದು ಸಾಲನ್ನ ಒಬ್ಬೊಬ್ಬರ ಕೈಗೆ ಕೊಟ್ಟಿದ್ದೀವಿ. ವಿಧವೆಯರ ರೇಷನ್ ಒಬ್ಬ ಅಕ್ಕನಿಗೆ, ವಿ.ಬಿ.ಎಸ್. ಒಬ್ಬ ಯೌವನಸ್ಥನಿಗೆ. ಹೋದ ಬೇಸಿಗೆಯಲ್ಲಿ ಅವನಿಗೆ 8,000 ಕೊಟ್ಟಿದ್ವಿ, 11,000 ಖರ್ಚು ಮಾಡಿಬಿಟ್ಟ. ನನ್ನ ಹಳೇ ಸ್ವಭಾವ ಎದ್ದಿತು, "ಇನ್ನು ನಾನೇ ನೋಡ್ಕೊತೀನಿ" ಅನ್ನೋಣ ಅನ್ನಿಸ್ತು. ಆದ್ರೆ ಹಿರಿಯರು ಅವನನ್ನೇ ಸಭೆಯ ಮುಂದೆ ನಿಲ್ಲಿಸಿ, ಎಲ್ಲಿ ತಪ್ಪಾಯ್ತು ಹೇಳು ಮಗಾ ಅಂದ್ರು. ನಡುಗುತ್ತಾ ಹೇಳಿದ. ಈ ವರ್ಷ ಅವನೇ ಬರೆದ ಪಟ್ಟಿಯನ್ನ ಇನ್ನು ಸ್ವಲ್ಪ ಹೊತ್ತಿನಲ್ಲಿ ನೀವು ಕೇಳ್ತೀರಿ. ಯಾವ ಬೈಬಲ್ ಕಾಲೇಜೂ ಆ ಹತ್ತು ನಿಮಿಷದ ಪಾಠ ಅವನಿಗೆ ಕಲಿಸುತ್ತಿರಲಿಲ್ಲ.

ಹಾಗಾದ್ರೆ ಪವಿತ್ರಾತ್ಮನ ನಡೆಸುವಿಕೆ ಎಲ್ಲಿ ಹೋಯ್ತು? ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿದ್ದ ಜಾರ್ಜ್ ಮುಲ್ಲರ್ ಹೆಸರು ನೀವೆಲ್ಲಾ ಕೇಳಿದ್ದೀರಿ. 10,000ಕ್ಕೂ ಹೆಚ್ಚು ಅನಾಥ ಮಕ್ಕಳನ್ನ ಪ್ರಾರ್ಥನೆಯಿಂದಲೇ ಸಾಕಿದರು, ಮನುಷ್ಯರ ಹತ್ರ ಹಣ ಕೇಳಲಿಲ್ಲ. ಅವರ ನಂಬಿಕೆಯ ಬಗ್ಗೆ ನಾವು ಪ್ರಸಂಗ ಮಾಡ್ತೀವಿ. ಆದ್ರೆ ಅವರು ಬಂದ ಚಿಕ್ಕ ಕಾಸನ್ನೂ ಬರೆದಿಟ್ಟು, ವರ್ಷವರ್ಷ ವರದಿ ಅಚ್ಚು ಹಾಕಿಸ್ತಿದ್ದರು ಅನ್ನೋದನ್ನ ಹೇಳೋದಿಲ್ಲ. ಬರೆದಿಟ್ಟದ್ದರಿಂದಲೇ ದೇವರು ಯಾವ ದಿನ ಎಷ್ಟು ಕೊಟ್ಟರು ಅಂತ ಲೋಕಕ್ಕೆ ಗೊತ್ತಾಯ್ತು. ಲೆಕ್ಕದ ಪುಸ್ತಕವೇ ಅವರ ಸಾಕ್ಷಿ ಪುಸ್ತಕವಾಯ್ತು.

ಪೌಲನೂ ಯೆರೂಸಲೇಮಿನ ಬಡವರಿಗಾಗಿ ಹಣ ಎತ್ತಿದಾಗ ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ತೀತನ ಜೊತೆ ಸಭೆಗಳು ನೇಮಿಸಿದ ಸಹೋದರನನ್ನೂ ಕಳಿಸಿದ. ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಕೆಲಸ ನೆಟ್ಟಗಿರಬೇಕು ಅನ್ನೋದು 2 ಕೊರಿಂಥ 8ರಲ್ಲಿ ಅವನ ಕಾಳಜಿ. ಪೌಲನಿಗಿಂತ ನಾನು ನಂಬಿಗಸ್ತನಾ?

ಆ ತಾಯಿಗೆ ನನ್ನ ಉತ್ತರ ಇಷ್ಟೇ. ಅಮ್ಮಾ, ನನ್ನ ಮೇಲೆ ನಂಬಿಕೆ ಇಡಿ, ಅದು ನನಗೆ ಸಂತೋಷ. ಆದ್ರೆ ನನ್ನನ್ನ ಪ್ರೀತಿಸೋದಾದ್ರೆ ಲೆಕ್ಕವನ್ನೂ ಕೇಳಿ. ಆವತ್ತು ಆ ತಮ್ಮ ಕೇಳಿದ ಪ್ರಶ್ನೆಗೆ ನಾನು ಕಿವಿ ಕೊಟ್ಟಿದ್ದರೆ ಬೀರು ತೆಗೆದ ಆ ರಾತ್ರಿ ನನಗೆ ಬರುತ್ತಿರಲಿಲ್ಲ. ಅವನು ನನ್ನ ಶತ್ರು ಆಗಿರಲಿಲ್ಲ, ನನ್ನನ್ನ ಕಾಯೋಕೆ ದೇವರು ಕಳಿಸಿದ ಕಾವಲುಗಾರ ಆಗಿದ್ದ.

ಎಲ್ಲರೂ ತಲೆಬಾಗಿಸಿ ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಮ್ಮ ಕೈಗೆ ಕೊಟ್ಟ ಚಿಕ್ಕದರಲ್ಲಿ ನಮ್ಮನ್ನ ನಂಬಿಗಸ್ತರನ್ನಾಗಿ ಮಾಡು. ಪ್ರಶ್ನೆ ಕೇಳುವವರನ್ನ ದೂರ ಮಾಡದ ಹೃದಯವನ್ನ ಸೇವಕರಾದ ನಮಗೆ ಕೊಡು. ನೀನು ಎಬ್ಬಿಸುತ್ತಿರುವವರನ್ನ ಗುರುತಿಸೋ ಕಣ್ಣು ಕೊಡು. ಇನ್ನು ಓದಲಿರುವ ಒಂದೊಂದು ಸಾಲೂ ನಿನ್ನ ಮಹಿಮೆಗಾಗಿ ಇರಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.

ಕೂತ್ಕೊಳ್ಳಿ. ಅಕ್ಕ, ರಿಜಿಸ್ಟರ್ ತಗೊಂಡು ಮುಂದೆ ಬನ್ನಿ.